ಬಾಡಿಗೆ ಮನೆಯ ಬಾಗಿಲು, ಲೈನ್ ಮನೆಯ ಸಾಲು: ಬೆಳೆಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ನನ್ನ ಮಗಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಕೊಠಡಿ ಖಾಲಿ ಇದೆ ಎಂದು ಫೋನಿನಲ್ಲಿ ಒಪ್ಪಿದ್ದ ಮನೆಯೊಡತಿ, ಇವಳು ಎದುರಿಗೆ ಹೋಗಿ ನಿಂತಾಗ ಬೇರೆಯವರಿಗೆ ಕೊಟ್ಟಾಯಿತು ಎಂದಳಂತೆ. ಎರಡು ದಿನ ಬಿಟ್ಟು ನೋಡಿದರೆ ಜಾಹೀರಾತು ಹಾಗೆಯೇ ಇತ್ತಂತೆ. ಮಗಳು ಅಳುತ್ತಾ ಇದನ್ನು ಹೇಳಿದ ವಾರವೇ ನಮ್ಮೂರಿನಲ್ಲಿ ಸಭೆ ಸೇರಿ, ಅಸ್ಸಾಮಿನಿಂದ ಬಂದ ಕೆಲಸದವರಿಗೆ ಊರೊಳಗೆ ಯಾರೂ ಮನೆ ಬಾಡಿಗೆಗೆ ಕೊಡಬಾರದು ಎಂಬ ಮಾತಾಯಿತು. ನಾನು ಸುಮ್ಮನೆ ಕುಳಿತಿದ್ದೆ. ಇವೆರಡೂ ಒಂದೇ ಏನು, ಮೇಡಂ? ಜನಾಂಗ ತಾರತಮ್ಯ ಎಂಬುದು ಬಿಳಿಯರ ದೇಶದ ಸಮಸ್ಯೆಯಲ್ಲವೇ? ನಮ್ಮಲ್ಲಿ ಯಾರಿಗೂ ಅವರ ಮೇಲೆ ದ್ವೇಷವಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ನಿಮ್ಮ ಊರಿನವರಲ್ಲಿ ದ್ವೇಷವಿಲ್ಲ ಎಂಬ ಮಾತನ್ನು ನಾನು ನಂಬುತ್ತೇನೆ. ನಿಮ್ಮ ಮಗಳಿಗೆ ಕೊಠಡಿ ನಿರಾಕರಿಸಿದ ಮನೆಯೊಡತಿಯನ್ನು ಕೇಳಿದರೆ ಆಕೆಯೂ ಬಹುಶಃ ಇದನ್ನೇ ಹೇಳಿಯಾಳು: ತನಗೆ ಯಾರ ಮೇಲೂ ಸಿಟ್ಟಿಲ್ಲ, ಆದರೆ ಅಡುಗೆಯ ವಾಸನೆ, ಬಂದು ಹೋಗುವವರ ಗಲಾಟೆ, ಅಕ್ಕಪಕ್ಕದವರ ಮಾತು, ಇದೆಲ್ಲ ಯಾಕೆ ಬೇಕು ಎಂದು. ನಿಮ್ಮೂರಿನ ಸಭೆಯಲ್ಲಿ ಆಡಿದ ಮಾತುಗಳೂ ಇದಕ್ಕಿಂತ ಬಹಳ ದೂರ ಇದ್ದಿರಲಾರವು. ಚಿಕ್ಕಮಗಳೂರಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತೋಟಗಳಲ್ಲಿ ಕೂಲಿಯವರು ವಾಸಿಸುವ ಲೈನ್ ಮನೆಗಳನ್ನು ಸುತ್ತುತ್ತಾ ಕಳೆದ ವರ್ಷಗಳಲ್ಲಿ ನನಗೆ ಮನದಟ್ಟಾದ ಸಂಗತಿಯೆಂದರೆ, ಜನಾಂಗ ತಾರತಮ್ಯ ನಡೆಯುವುದಕ್ಕೆ ದ್ವೇಷ ಬೇಕೇಬೇಕೆಂದಿಲ್ಲ. ಯಾರು ಎಲ್ಲಿ ವಾಸಿಸಬಹುದು, ಯಾರ ಕೈಯಲ್ಲಿ ಯಾವ ಕಾಗದ ಇರಬಹುದು ಎಂಬ ಏರ್ಪಾಡು ಒಮ್ಮೆ ನೆಲೆಯೂರಿಬಿಟ್ಟರೆ, ಒಳ್ಳೆಯ ಜನ ಸುಮ್ಮನೆ ಕುಳಿತಿದ್ದರೂ ಅದು ತಲೆಮಾರುಗಳ ಕಾಲ ತಾನಾಗಿ ನಡೆದುಕೊಂಡು ಹೋಗುತ್ತದೆ. ಹೀಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ನಿಮ್ಮ ಮಗಳಿಗೆ ಆದದ್ದೂ ನಿಮ್ಮ ಊರಿನಲ್ಲಿ ಆಗಲಿರುವುದೂ ಒಂದೇ ಬಗೆಯವು.

ಜನಾಂಗ ಎಂಬುದು ರಕ್ತದಲ್ಲಿಯೇ ಬರೆದಿರುವ ವ್ಯತ್ಯಾಸ ಎಂಬ ಹಳೆಯ ನಂಬಿಕೆಯನ್ನು ವಿಜ್ಞಾನ ಬಹಳ ಹಿಂದೆಯೇ ಕೈಬಿಟ್ಟಿದೆ. ಭೂಮಿಯ ಮೇಲಿನ ಯಾವ ಇಬ್ಬರ ಡಿಎನ್ಎಯನ್ನು ಹೋಲಿಸಿದರೂ ಶೇ 99.9ರಷ್ಟು ಒಂದೇ ಆಗಿರುತ್ತದೆ. ಉಳಿದಿರುವ ಅತ್ಯಲ್ಪ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಒಂದೇ ಜನಸಮುದಾಯದ ಒಳಗೆ ಕಾಣುವಂಥದ್ದೆಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲಿಯೇ ತೋರಿಸಿದರು. ಹಾಗೆಂದು ಜನಾಂಗ ತಾರತಮ್ಯ ಬರೀ ಭ್ರಮೆ ಎಂದಾಗುವುದಿಲ್ಲ. ಎರಡು ಸರ್ವೆ ನಂಬರುಗಳ ನಡುವಿನ ಗಡಿ ಮಣ್ಣಿನಲ್ಲಿ ಇರುವುದಿಲ್ಲ, ನಕ್ಷೆಯಲ್ಲಿರುತ್ತದೆ. ಆದರೂ ಆ ಗೆರೆಗಾಗಿ ಎಷ್ಟು ಮನೆಗಳು ಕೋರ್ಟಿಗೆ ಅಲೆದಿವೆ ಎಂಬುದನ್ನು ಬೆಳೆಗಾರರಾದ ನಿಮಗೆ ನಾನು ಹೇಳಬೇಕಿಲ್ಲ.

ನಕ್ಷೆಯ ಮಾತು ಬಂದದ್ದರಿಂದ ಅಮೆರಿಕದ ಒಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ವಾಸದ ಮನೆ ಹೇಗೆ ಅಸಮಾನತೆಯ ಬೇರಾಗುತ್ತದೆ ಎಂಬುದು ಅಲ್ಲಿ ದಾಖಲಾದಷ್ಟು ಸ್ಪಷ್ಟವಾಗಿ ಬೇರೆಡೆ ದಾಖಲಾದದ್ದು ಕಡಿಮೆ. 1933ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಮನೆ ಸಾಲ ತೀರಿಸಲಾರದವರಿಗೆ ನೆರವಾಗಲು ಅಲ್ಲಿನ ಸರ್ಕಾರ ಒಂದು ನಿಗಮವನ್ನು ಸ್ಥಾಪಿಸಿತು. ಆ ನಿಗಮ ನೂರಾರು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ಬಣ್ಣಗಳಲ್ಲಿ ಗುರುತಿಸಿ ನಕ್ಷೆ ಮಾಡಿತು. ಕಪ್ಪು ಜನರಿದ್ದ ಕೇರಿಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಸಾಲಕ್ಕೆ ಅಪಾಯಕಾರಿ ಎಂಬ ಕೆಂಪು ಬಣ್ಣಕ್ಕೆ ಬಿದ್ದವು. 1934ರಲ್ಲಿ ಬಂದ ವಸತಿ ಆಡಳಿತ ಎಂಬ ಸರ್ಕಾರಿ ಸಂಸ್ಥೆಯು ಮನೆ ಸಾಲಗಳಿಗೆ ಸರ್ಕಾರದ ವಿಮೆ ಕೊಡುವಾಗ ಇಂತಹ ಕೇರಿಗಳನ್ನು ಹೊರಗಿಟ್ಟಿತು. ಬಿಳಿಯ ಕುಟುಂಬಗಳು ಕಡಿಮೆ ಬಡ್ಡಿಯಲ್ಲಿ ಹೊಸ ಬಡಾವಣೆಗಳಲ್ಲಿ ಮನೆ ಕೊಂಡವು. ಮನೆಯ ಬೆಲೆ ಏರಿತು. ಏರಿದ ಬೆಲೆಯ ಆಧಾರದ ಮೇಲೆ ಮಕ್ಕಳ ಕಾಲೇಜಿಗೆ, ವ್ಯಾಪಾರಕ್ಕೆ ಮತ್ತೆ ಸಾಲ ಸಿಕ್ಕಿತು. ಕಪ್ಪು ಕುಟುಂಬಗಳು ಅದೇ ವರ್ಷಗಳುದ್ದಕ್ಕೂ ಬಾಡಿಗೆ ಕಟ್ಟಿದವು, ಮತ್ತು ಕಟ್ಟಿದ ಬಾಡಿಗೆಯಿಂದ ಮಕ್ಕಳಿಗೆ ಉಳಿಯುವಂಥದ್ದು ಏನೂ ಇರಲಿಲ್ಲ. 1968ರ ಕಾಯ್ದೆ ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸಿತು. ಆದರೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2022ರಲ್ಲಿ ಅಳೆದಾಗ, ಮಧ್ಯಮ ಸ್ಥಾನದಲ್ಲಿರುವ ಬಿಳಿ ಕುಟುಂಬವೊಂದರ ಸಂಪತ್ತು 2,85,000 ಡಾಲರ್ ಇದ್ದರೆ, ಕಪ್ಪು ಕುಟುಂಬದ್ದು 44,900 ಡಾಲರ್ ಇತ್ತು. ನಕ್ಷೆಗೆ ಬಣ್ಣ ಹಾಕಿದ ಗುಮಾಸ್ತರು ಇಂದು ಬದುಕಿಲ್ಲ. ಬ್ಯಾಂಕುಗಳು ಆ ನಕ್ಷೆಯನ್ನು ಬಳಸುತ್ತಿಲ್ಲ. ಆದರೂ ಲೆಕ್ಕ ಹಾಗೆಯೇ ಮುಂದುವರಿದಿದೆ.

ಈಗ ನಮ್ಮ ತೋಟಗಳ ಕಡೆ ಬನ್ನಿ. ಚಿಕ್ಕಮಗಳೂರು, ಸಕಲೇಶಪುರ ಸೀಮೆಯ ಲೈನ್ ಮನೆಗಳನ್ನು ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ: ಒಂದೇ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು, ಪ್ರತಿ ಕೋಣೆಗೂ ಒಂದು ಬಾಗಿಲು, ಹಿಂದೆ ಒಂದು ಒಲೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ತೋಟಗಾರರು ಮೇಸ್ತ್ರಿಗಳಿಗೆ ಮುಂಗಡ ಕೊಟ್ಟು ತಮಿಳು ಸೀಮೆಯಿಂದ, ಬಯಲುಸೀಮೆಯ ದಲಿತ ಕೇರಿಗಳಿಂದ ಆಳುಗಳನ್ನು ತರಿಸಿದರು. ಮುಂಗಡ ಪಡೆದ ಆಳು ಕೆಲಸ ಬಿಟ್ಟು ಹೋದರೆ ಶಿಕ್ಷಿಸಲು 1859ರ ಕಾಯ್ದೆಯೊಂದಿತ್ತು. ದಕ್ಷಿಣ ಭಾರತದ ತೋಟಗಳಲ್ಲಿ ಅದನ್ನು ಧಾರಾಳವಾಗಿ ಬಳಸಲಾಯಿತು. ಸ್ವಾತಂತ್ರ್ಯದ ನಂತರ ಬಂದ 1951ರ ತೋಟ ಕಾರ್ಮಿಕರ ಕಾಯ್ದೆಯು ಮನೆ, ಕುಡಿಯುವ ನೀರು, ಶಿಶುಪಾಲನೆ, ವೈದ್ಯಕೀಯ ನೆರವು ಇವುಗಳನ್ನು ಮಾಲೀಕರ ಹೊಣೆ ಮಾಡಿತು. ಅದು ದೊಡ್ಡ ಹೆಜ್ಜೆ. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಕೆಲಸ ಹೋದರೆ ಮನೆ ಹೋಗುತ್ತದೆ. ಮನೆ ಹೋದರೆ ವಿಳಾಸ ಹೋಗುತ್ತದೆ. ವಿಳಾಸವಿಲ್ಲದವನಿಗೆ ಬ್ಯಾಂಕ್ ಸಾಲವಿಲ್ಲ. ಮೂರು ತಲೆಮಾರು ಒಂದೇ ತೋಟದ ಹಣ್ಣು ಕುಯ್ದ ಕುಟುಂಬದ ಮೊಮ್ಮಗನಿಗೆ ತನ್ನದೆಂದು ತೋರಿಸಲು ಅಂಗೈಯಗಲ ಜಾಗವಿಲ್ಲದಿರುವುದನ್ನು ನಾನು ಕಂಡಿದ್ದೇನೆ. ಯಾರೂ ಅವರಿಗೆ ಕೆಟ್ಟದ್ದನ್ನು ಬಯಸಿರಲಿಲ್ಲ. ಅವರ ತೋಟದ ಸಾಹುಕಾರರು ಮದುವೆಗೆ, ಕಾಯಿಲೆಗೆ ಕೈಬಿಡದೆ ದುಡ್ಡು ಕೊಟ್ಟವರು.

ಆ ಕುಟುಂಬದ ಮಕ್ಕಳಲ್ಲಿ ಕೆಲವರು ಓದಿ ಹಾಸನಕ್ಕೆ, ಬೆಂಗಳೂರಿಗೆ ಹೋದರು; ಖಾಲಿಯಾದ ಲೈನುಗಳಿಗೆ ಇಂದು ಅಸ್ಸಾಂ, ಜಾರ್ಖಂಡ್, ಒಡಿಶಾಗಳ ಜನ ಬಂದಿದ್ದಾರೆ. ನಾವು ಒಟ್ಟಾಗಿ ‘ಅಸ್ಸಾಮಿನವರು’ ಎಂದುಬಿಡುವ ಇವರು ಒಂದೇ ಜನವಲ್ಲ. ಬಂಗಾಳಿ ಆಡುವ ಮುಸ್ಲಿಮರಿದ್ದಾರೆ, ಅಸ್ಸಾಮಿ ಆಡುವವರಿದ್ದಾರೆ, ಬೋಡೋಗಳಿದ್ದಾರೆ, ಚಹಾ ತೋಟಗಳ ಆದಿವಾಸಿಗಳಿದ್ದಾರೆ. ಈ ಕೊನೆಯವರ ಕಥೆಯನ್ನು ಕೇಳಿದರೆ ಕಾಫಿ ಸೀಮೆಯವರಿಗೆ ಬಹಳ ಪರಿಚಿತವೆನ್ನಿಸೀತು: ಅವರ ಪೂರ್ವಿಕರನ್ನು ಇದೇ ಹತ್ತೊಂಬತ್ತನೆಯ ಶತಮಾನದಲ್ಲಿ, ಕರಾರು ಬರೆಸಿಕೊಂಡು, ಛೋಟಾನಾಗಪುರದ ಗುಡ್ಡಗಳಿಂದ ಅಸ್ಸಾಮಿನ ಚಹಾ ತೋಟಗಳಿಗೆ ಸಾಗಿಸಲಾಯಿತು. ಅವರೂ ಅಲ್ಲಿ ಲೈನುಗಳಲ್ಲಿಯೇ ಬಾಳಿದವರು. ಈ ಆದಿವಾಸಿಗಳಲ್ಲಿ ಮುಂಡಾ ಬುಡಕಟ್ಟಿನ ಕುಟುಂಬವೊಂದು ಜಾರ್ಖಂಡಿನಲ್ಲಿದ್ದರೆ ಪರಿಶಿಷ್ಟ ಪಂಗಡ; ಅದೇ ಮುಂಡಾ ಕುಟುಂಬ ಅಸ್ಸಾಮಿನಲ್ಲಿದ್ದರೆ ಆ ಪಟ್ಟಿಯಲ್ಲಿಲ್ಲ; ಅಲ್ಲಿಂದ ಮೂಡಿಗೆರೆಗೆ ಬಂದರೆ ಬರೀ ‘ಹೊರಗಿನವರು’. ಹೀಗೆ ಊರಿನಿಂದ ಊರಿಗೆ ಹೋಗುವಾಗಲೆಲ್ಲ ಕಾಗದ ಒಂದೊಂದಾಗಿ ಕಳಚುತ್ತಾ ಹೋಗುವವರಿಗೆ ನಿಮ್ಮ ಊರಿನ ಸಭೆ ಬಾಡಿಗೆ ಮನೆಯ ವಿಳಾಸವನ್ನೂ ಇಲ್ಲವಾಗಿಸಲು ಹೊರಟಿದೆ.

ಇದರ ಪರಿಣಾಮವೇನು ಎಂಬುದಕ್ಕೆ ಅಂಕಿಅಂಶಕ್ಕಿಂತ ಮೊದಲು ಒಂದು ಬೆಳಗಿನ ಸಂಗತಿ ಹೇಳುತ್ತೇನೆ. ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏಳು ತಿಂಗಳ ಬಸುರಿಯೊಬ್ಬಳು ಬೆಂಚಿನ ಮೇಲೆ ಕುಳಿತಿದ್ದಳು. ಕೈಯಲ್ಲಿ ತಾಯಿ ಕಾರ್ಡ್, ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿದ್ದ ಒಂಬತ್ತು ವರ್ಷದ ಮಗಳು. ಎರಡು ವರ್ಷದ ಹಿಂದೆ ಅಸ್ಸಾಮಿನಿಂದ ಬಂದ ಆ ಹುಡುಗಿ ನಮ್ಮ ಮಲೆನಾಡಿನ ಕನ್ನಡವನ್ನು ಎಷ್ಟು ಚೆನ್ನಾಗಿ ಆಡುತ್ತಿದ್ದಳೆಂದರೆ, ಸಿಸ್ಟರ್ ಎಲ್ಲ ಪ್ರಶ್ನೆಗಳನ್ನೂ ಅವಳ ಮೂಲಕವೇ ಕೇಳುತ್ತಿದ್ದರು. ಊಟ ಸೇರುತ್ತದೆಯೇ, ಕಾಲು ಊದಿದೆಯೇ, ಮಗು ಓಡಾಡುವುದು ಗೊತ್ತಾಗುತ್ತದೆಯೇ, ಎಲ್ಲಕ್ಕೂ ಹುಡುಗಿ ಅಮ್ಮನನ್ನು ಕೇಳಿ ಉತ್ತರ ಹೇಳಿದಳು. ‘ರಕ್ತ ಏನಾದ್ರೂ ಹೋಗಿತ್ತಾ ಕೇಳು’ ಎಂದಾಗ ಮಾತ್ರ ಅವಳು ಅಮ್ಮನ ಕಡೆ ತಿರುಗಲಿಲ್ಲ; ನೆಲ ನೋಡುತ್ತಾ ‘ಇಲ್ಲ’ ಎಂದಳು. ಆ ಸಿಸ್ಟರ್ ಅನುಭವಸ್ಥೆ. ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, ಹುಡುಗಿಯನ್ನು ಹೊರಗೆ ಕೂರಿಸಿ, ತಾಯಿಯನ್ನು ಒಳಗೆ ಕರೆದೊಯ್ದು ಸನ್ನೆಯಲ್ಲಿಯೇ ಕೇಳಿ ತಿಳಿದುಕೊಂಡರು. ಅವತ್ತು ಅಲ್ಲಿ ಅವರ ಬದಲು ಅವಸರದ ಮತ್ತೊಬ್ಬರಿದ್ದಿದ್ದರೆ ಕಾರ್ಡಿನಲ್ಲಿ ‘ಇಲ್ಲ’ ಎಂದೇ ದಾಖಲಾಗುತ್ತಿತ್ತು. ಒಂಬತ್ತು ವರ್ಷದ ಮಗುವಿನ ಸಂಕೋಚದ ಮೇಲೆ ಒಬ್ಬ ತಾಯಿಯ ಪ್ರಾಣ ನಿಂತಿರಬಾರದು.

ಆರೋಗ್ಯದ ವಿಷಯದಲ್ಲಿ ನಿಮ್ಮ ಮಗಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಮೆರಿಕದಲ್ಲಿ 2022ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಬಿಳಿಯ ತಾಯಂದಿರ ಸಾವು 19 ಇದ್ದರೆ ಕಪ್ಪು ತಾಯಂದಿರದ್ದು 49.5 ಇತ್ತು. ಇದು ಬಡತನದ ಪರಿಣಾಮ ಮಾತ್ರವಲ್ಲ. ಕಾಲೇಜು ಓದಿದ ಮಹಿಳೆಯರಲ್ಲಿಯೂ ಈ ಅಂತರ ಉಳಿದುಕೊಂಡಿದೆ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ತಂದು ಬೆರಳಿಗೆ ಸಿಕ್ಕಿಸುತ್ತಿದ್ದ ಪಲ್ಸ್ ಆಕ್ಸಿಮೀಟರ್ ನೆನಪಿರಬಹುದು. 2020ರ ಡಿಸೆಂಬರಿನಲ್ಲಿ ಮಿಚಿಗನ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಉಪಕರಣ 92ರಿಂದ 96 ಎಂದು ತೋರಿಸುತ್ತಿದ್ದಾಗಲೇ ರಕ್ತದಲ್ಲಿ ಆಮ್ಲಜನಕ ಅಪಾಯಕ್ಕೆ ಇಳಿದಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ 3.6 ಇದ್ದರೆ ಕಪ್ಪು ರೋಗಿಗಳಲ್ಲಿ ಶೇ 11.7 ಇದ್ದವು. ಬೆಳಕು ಚರ್ಮದ ಮೂಲಕ ಹಾಯುವುದನ್ನು ಅಳೆದು ಲೆಕ್ಕ ಹಾಕುವ ಉಪಕರಣ ಅದು. ಗಾಢ ಬಣ್ಣದ ಚರ್ಮದ ಮೇಲೆ ಅದನ್ನು ಸಾಕಷ್ಟು ಪರೀಕ್ಷಿಸಿರಲಿಲ್ಲ. ಉಪಕರಣಕ್ಕೆ ದ್ವೇಷವಿರಲು ಸಾಧ್ಯವೇ? ಆದರೂ ಅದು ಕೆಲವರ ಅಪಾಯವನ್ನು ಮರೆಮಾಚಿತು. ಈ ಒಂದು ಉದಾಹರಣೆಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಏಕೆಂದರೆ ಮನಸ್ಸಿನ ಕೆಡುಕು ಬೇರೆ, ಏರ್ಪಾಡಿನ ಕೆಡುಕು ಬೇರೆ ಎಂಬುದು ವಿದ್ಯಾರ್ಥಿಗಳಿಗೆ ಇದರಿಂದ ಬೇಗ ಅರ್ಥವಾಗುತ್ತದೆ.

ಈ ಹಾನಿ ಅದನ್ನು ಅನುಭವಿಸುವವರಲ್ಲಿಯೇ ನಿಲ್ಲುವುದಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ತಿಂಗಳುಗಳೂ ಕಾಫಿ ಕುಯ್ಲಿನ ತಿಂಗಳುಗಳೂ ಒಂದರ ಮೇಲೊಂದು ಬರುತ್ತವೆ. ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಡೆಪಾ ತೈಲ ಹಚ್ಚಿಕೊಳ್ಳಿ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂಬ ಸೂಚನೆ ಕನ್ನಡದಲ್ಲಿ ಮಾತ್ರ ಇದ್ದರೆ, ಕಾಡಂಚಿನ ತೋಟದಲ್ಲಿ ಸೌದೆ ಆರಿಸುವ ಹೆಂಗಸಿಗೆ ಅದು ತಲುಪುವುದಿಲ್ಲ. ತಲುಪಿದರೂ, ಊರಿನಲ್ಲಿ ತನ್ನನ್ನು ಸಂಶಯದಿಂದ ನೋಡುತ್ತಾರೆ ಎಂದು ಗೊತ್ತಿರುವವಳು ಜ್ವರವನ್ನು ಮುಚ್ಚಿಟ್ಟುಕೊಳ್ಳುತ್ತಾಳೆ. ಹೀಗೆ ಮುಚ್ಚಿಟ್ಟ ಜ್ವರದಿಂದ ಊರಿಗೆ ಸಿಗಬೇಕಾದ ಮೊದಲ ಎಚ್ಚರಿಕೆ ತಪ್ಪಿಹೋಗುತ್ತದೆ, ಮತ್ತು ಅದೇ ಕಾಡಂಚಿನಲ್ಲಿ ದನ ಮೇಯಿಸುವವರು ನಿಮ್ಮ ಊರಿನವರೇ.

ನಿಮ್ಮ ಸಭೆಯಲ್ಲಿ ಕೂಲಿಯ ಮಾತೂ ಬಂದಿರಬೇಕು, ಬಾರದೆ ಇರುವುದಿಲ್ಲ. ಹೊರಗಿನವರು ಬಂದು ನಮ್ಮ ಕೂಲಿ ಇಳಿಸಿದರು ಎಂಬ ಸ್ಥಳೀಯ ಕಾರ್ಮಿಕರ ದೂರನ್ನು ನಾನು ಹಗುರವಾಗಿ ನೋಡುವುದಿಲ್ಲ, ಅದರಲ್ಲಿ ಅನುಭವದ ಸತ್ಯವಿದೆ. ಭಾಷೆ ಬಾರದವನು ಚೌಕಾಸಿ ಮಾಡಲಾರ. ಸಂಜೆ ಕಣದಲ್ಲಿ ಹಣ್ಣು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ಬರೆದುಕೊಂಡದ್ದು ಎಷ್ಟು ಕಿಲೋ ಎಂದು ಓದಿ ನೋಡಲಾರ. ಸಂಬಳ ಮೇಸ್ತ್ರಿಯ ಕೈಯಿಂದ ಬರುವಾಗ ಮುಂಗಡಕ್ಕೆ ಎಷ್ಟು ಮುರಿದರೆಂದು ಕೇಳಲಾರ. ಅವನು ಅಗ್ಗವಾಗುವುದು ಹೀಗೆ, ಮತ್ತು ಅವನು ಅಗ್ಗವಾದಷ್ಟೂ ಸ್ಥಳೀಯನ ಬೆಲೆ ಇಳಿಯುತ್ತದೆ. ಇದಕ್ಕೆ ಪರಿಹಾರ ಅವನನ್ನು ಊರಾಚೆ ಇಡುವುದಲ್ಲ, ಇಬ್ಬರಿಗೂ ಒಂದೇ ದರವನ್ನು ಕಟ್ಟುನಿಟ್ಟಾಗಿ ಕೊಡಿಸುವುದು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ 1922ರಲ್ಲಿ ಇದೇ ಪ್ರಶ್ನೆ ಎದ್ದಾಗ, ಬಿಳಿಯ ಕಾರ್ಮಿಕರು ಕಪ್ಪು ಕಾರ್ಮಿಕರಿಗೂ ಸಮಾನ ಕೂಲಿ ಕೇಳುವ ಬದಲು ಅವರನ್ನು ಒಳ್ಳೆಯ ಕೆಲಸಗಳಿಂದ ಹೊರಗಿಡಬೇಕೆಂದು ಹಟ ಹಿಡಿದರು. 1926ರಲ್ಲಿ ಅದು ಕಾಯ್ದೆಯೂ ಆಯಿತು. ಆ ದೇಶ ಅದರ ಫಲವನ್ನು ಎಷ್ಟು ಕಾಲ ಉಂಡಿತೆಂಬುದು ಎಲ್ಲರಿಗೂ ತಿಳಿದಿದೆ.

‘ಬಿಳಿಯರ ದೇಶದ ಸಮಸ್ಯೆ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಜಾತಿ ಮತ್ತು ಜನಾಂಗ ಒಂದೇ ಅಲ್ಲ. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಅಸ್ಪೃಶ್ಯನೂ ಒಂದೇ ಜನಾಂಗಮೂಲದವರು, ಜಾತಿ ಎಂಬುದು ಒಂದೇ ಜನಾಂಗದ ಜನರನ್ನು ಸಾಮಾಜಿಕವಾಗಿ ಒಡೆದ ವ್ಯವಸ್ಥೆ ಎಂದು ಅಂಬೇಡ್ಕರ್ 1936ರಲ್ಲಿಯೇ ವಾದಿಸಿದ್ದರು. ಆದರೆ ಹತ್ತು ವರ್ಷಗಳ ನಂತರ, 1946ರಲ್ಲಿ, ಅವರೇ ಅಮೆರಿಕದ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದರು. ಮೂಲ ಬೇರೆಯಾದರೂ ನಡೆಯುವ ಬಗೆ ಒಂದೇ. ಹೆಸರಿನ ಉದಾಹರಣೆಯನ್ನೇ ನೋಡಿ: ಅಮೆರಿಕದಲ್ಲಿ ಸುಮಾರು 5,000 ನಕಲಿ ಅರ್ಜಿಗಳನ್ನು ಉದ್ಯೋಗದಾತರಿಗೆ ಕಳಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಳಿಯರ ಹೆಸರಿದ್ದ ಅರ್ಜಿಗಳಿಗೆ ಶೇ 50ರಷ್ಟು ಹೆಚ್ಚು ಕರೆಗಳು ಬಂದವು. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಇಂತಹವೇ ಅರ್ಜಿಗಳನ್ನು ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹತೆ ಸಮನಾಗಿದ್ದರೂ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬರುವ ಸಂಭವ ಮೇಲ್ಜಾತಿ ಹೆಸರಿಗಿಂತ ಕಡಿಮೆ ಎಂದು ಕಂಡುಬಂದಿತು.

ಮುಖಚಹರೆಯ ಕಾರಣಕ್ಕೇ ನಡೆಯುವ ತಾರತಮ್ಯವೂ ನಮ್ಮಲ್ಲಿದೆ. 2012ರ ಆಗಸ್ಟಿನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದ ದೃಶ್ಯವನ್ನು ಕನ್ನಡಿಗರು ಮರೆಯಬಾರದು. 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಮೇಲೆ ಈಶಾನ್ಯದವರ ಸಮಸ್ಯೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜ್ಬರುವಾ ಸಮಿತಿಯನ್ನು ನೇಮಿಸಬೇಕಾಯಿತು. ನಮ್ಮ ಸಂವಿಧಾನದ 15ನೆಯ ವಿಧಿಯು ಧರ್ಮ, ಜಾತಿ, ಲಿಂಗಗಳ ಜೊತೆಗೆ ಜನಾಂಗ ಮತ್ತು ಹುಟ್ಟಿದ ಸ್ಥಳ ಎಂಬ ಎರಡನ್ನೂ ಹೆಸರಿಸಿರುವುದು ಸುಮ್ಮನೆ ಅಲ್ಲ.

ಇನ್ನು ಮಾಡಬೇಕಾದದ್ದು. ಮಗಳಿಗೆ ಹೇಳಿ: ಮನೆ ಬಾಡಿಗೆಗೆ ಕೊಡುವಾಗ ಜನಾಂಗದ ಕಾರಣಕ್ಕೆ ನಿರಾಕರಿಸುವುದು ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ ಪ್ರಕಾರ ಕಾನೂನುಬಾಹಿರ. ಜಾಹೀರಾತಿನ ಚಿತ್ರ, ಮೆಸೇಜುಗಳು, ದಿನಾಂಕ, ಹೊತ್ತು ಎಲ್ಲವನ್ನೂ ತೆಗೆದಿಟ್ಟುಕೊಳ್ಳಲಿ. ಇಂಗ್ಲಿಷ್ ಹೆಸರಿನ ಗೆಳತಿಯೊಬ್ಬಳು ಅದೇ ಕೊಠಡಿಯನ್ನು ಕೇಳಿ, ಸಿಕ್ಕ ಉತ್ತರವನ್ನು ಬರೆದಿಟ್ಟರೆ ಅದೂ ಸಾಕ್ಷಿಯಾಗುತ್ತದೆ. ಇಂತಹ ದಾವೆಯನ್ನು ಘಟನೆ ನಡೆದ ದಿನದಿಂದ ಆರು ತಿಂಗಳಿಗೆ ಒಂದು ದಿನ ಕಡಿಮೆ ಇರುವಷ್ಟರಲ್ಲಿ ಹೂಡಬೇಕು, ಆದ್ದರಿಂದ ಜನರಿಗೆ ಉಚಿತವಾಗಿ ಸಲಹೆ ಕೊಡುವ ಅಲ್ಲಿನ ಸಿಟಿಜನ್ಸ್ ಅಡ್ವೈಸ್ ಕಚೇರಿಗೆ ಈ ವಾರವೇ ಹೋಗಿ ಬರಲಿ. ದಾವೆ ಹೂಡುವುದೋ ಬಿಡುವುದೋ ಅವಳ ಇಷ್ಟ. ಆದರೆ ತಪ್ಪು ತನ್ನದಲ್ಲ ಎಂಬುದು ಅವಳಿಗೆ ನಿಮ್ಮ ಬಾಯಿಂದಲೇ ಕೇಳಬೇಕು.

ನಿಮ್ಮ ಊರಿನಲ್ಲಿ, ಮತ್ತೆ ಸಭೆ ಸೇರಿದಾಗ ಸುಮ್ಮನೆ ಕೂರಬೇಡಿ. ಕೆಲಸಕ್ಕೆ ಬಂದವರ ದಾಖಲೆ ಪರಿಶೀಲಿಸುವುದು ಪೊಲೀಸರ ಮತ್ತು ಕಂದಾಯ ಇಲಾಖೆಯ ಕೆಲಸ. ಒಬ್ಬೊಬ್ಬರದನ್ನು ನೋಡಿ ಮಾಡುವ ಕೆಲಸ. ಒಂದು ಭಾಷೆಯವರೆಲ್ಲರಿಗೂ ಒಟ್ಟಾಗಿ ಬಾಗಿಲು ಮುಚ್ಚುವ ಅಧಿಕಾರ ಯಾವ ಊರ ಸಭೆಗೂ ಇಲ್ಲ ಎಂದು ಹೇಳಿ. ನಿಮ್ಮ ಮಗಳ ಸಂಗತಿಯನ್ನೂ ಹೇಳಿ. ನಿಮ್ಮೂರಿನಲ್ಲಿ ಹೊರದೇಶದಲ್ಲಿ ಮಕ್ಕಳಿರುವ ಮನೆ ನಿಮ್ಮದೊಂದೇ ಆಗಿರಲಾರದು. ಲೈನಿನಲ್ಲಿರುವವರ ಪಡಿತರ ಚೀಟಿ ಅಸ್ಸಾಮಿನದ್ದಾದರೂ, 2022ರ ಜೂನಿನಲ್ಲಿ ಆ ರಾಜ್ಯವೂ ಸೇರಿದ ಒಂದು ದೇಶ ಒಂದು ಪಡಿತರ ಯೋಜನೆಯಲ್ಲಿ, ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡೆಯಬಹುದು. ಅಂಗಡಿಯವರೆಗೆ ಒಮ್ಮೆ ನೀವು ಜೊತೆಗೆ ಹೋದರೆ ಮುಂದಿನ ಸಲ ಅವರೇ ಹೋಗುತ್ತಾರೆ. ಮಕ್ಕಳನ್ನು ಶಾಲೆಗೆ ಸೇರಿಸಲು ಜೂನ್ ತಿಂಗಳಿಗೆ ಕಾಯಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ, ಮತ್ತು ಎಂದೂ ಶಾಲೆ ಕಾಣದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಮುಖ್ಯೋಪಾಧ್ಯಾಯರು ಹಿಂದೆಮುಂದೆ ನೋಡಿದರೆ ಕಾಯ್ದೆಯ 4 ಮತ್ತು 14ನೆಯ ಕಲಮುಗಳನ್ನು ತೋರಿಸಿ. ಕುಯ್ಲು ಮುಗಿಯುವವರೆಗೆ ತಾಯಂದಿರಿಗೆ ಪುರುಸೊತ್ತು ಇರುವುದಿಲ್ಲವಾದ್ದರಿಂದ, ನಿಮ್ಮ ಜೀಪಿನಲ್ಲಿ ನೀವೇ ಮಕ್ಕಳನ್ನು ಕರೆದುಕೊಂಡು ಹೋಗಿ.